ಕೋವಿಗೆ ತಕ್ಕ ಕೈ

"ಮೇಷ್ಟ್ರೇ, ಈ ಮೂರರಲ್ಲಿ ಯಾವುದನ್ನು ಹಾಕಿಸಿದರೆ ಯಾರೂ ಏನೂ ಅನ್ನುವುದಿಲ್ಲ?"

ಬೊಳ್ಳಮ್ಮ ಕೇಳಿದ್ದು ಇಷ್ಟೇ. ಕೇಳಿದ್ದು ತಮ್ಮಯ್ಯ ಮೇಷ್ಟ್ರನ್ನು. ಕೊಡಗಿನ ಆ ಊರಿನಲ್ಲಿ ಗುರಿ ಹೊಡೆಯಲು ಬಂದವರೆಲ್ಲ ಅವರ ಕೈಕೆಳಗೆ ಕಲಿತವರು. ಕಲಿಯುವಾಗ ಬೈಸಿಕೊಂಡವರು, ಕಲಿತ ಮೇಲೆ ಆ ಬೈಗುಳವನ್ನೇ ಹಬ್ಬದ ಊಟದಂತೆ ನೆನೆಸಿಕೊಳ್ಳುವವರು.

ಮೂರು ಎಂದರೆ ಮೂರು ಹ್ಯಾಂಡ್‌ಗಾರ್ಡ್. ಕೋವಿಯ ನಳಿಗೆಯ ಕೆಳಗೆ ಎಡಗೈ ಹಿಡಿಯುವ ಭಾಗ ಅದು. ಗುಂಡು ಹಾರಿ ಹಾರಿ ನಳಿಗೆ ಬಿಸಿಯೇರಿದಾಗ ಅಂಗೈಯನ್ನು ಕಾಯುತ್ತದೆ. ಬೊಳ್ಳಮ್ಮನ ಕೋವಿ ಅವಳ ಅಪ್ಪನದು. ಸೆಮಿ ಆಟೋಮ್ಯಾಟಿಕ್, ಹನ್ನೆರಡು ಬೋರ್. ಒಂದು ಸಲ ತುಂಬಿದರೆ ಸಾಕು, ಕುದುರೆ, ಅಂದರೆ ಟ್ರಿಗರ್, ಎಳೆದಂತೆಲ್ಲ ಮುಂದಿನ ತೋಟಾವನ್ನು ತಾನೇ ನುಂಗಿಕೊಳ್ಳುತ್ತದೆ. ಅಪ್ಪ ಹೋದ ಮೇಲೆ ಆ ಕೋವಿ ಮಗಳ ಹೆಸರಿಗೆ ಬಂತು. ಬರುವಾಗಲೇ ಅದರ ಮುಂಭಾಗದ ಮರ ಉದ್ದಕ್ಕೆ ಸೀಳು ಬಿಟ್ಟಿತ್ತು. ಬೊಳ್ಳಮ್ಮ ತಂತಿ ಸುತ್ತಿ ನೋಡಿದಳು, ಅಂಟು ಹಾಕಿ ನೋಡಿದಳು. ಮರ ಕೇಳಲಿಲ್ಲ. ಹೊಸದು ಹಾಕಿಸಲೇಬೇಕು.

ಕೈಲ್ ಮುಹೂರ್ತ ಹತ್ತಿರ ಬಂದಿತ್ತು. ಅದು ಕೊಡವರು ಆಯುಧಕ್ಕೆ ಪೂಜೆ ಮಾಡುವ ಹಬ್ಬ. ಪೂಜೆಯಾದ ಮೇಲೆ ಮೈದಾನದಲ್ಲಿ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುವ ಪಂದ್ಯ. ಹೆಸರು ಕೊಡಲು ನಾಳೆಯೇ ಕೊನೆ. ಬೊಳ್ಳಮ್ಮನಿಗೆ ಆ ಮೈದಾನದಲ್ಲಿ ಅಪ್ಪನ ಕೋವಿ ಹಿಡಿದು ನಿಲ್ಲಬೇಕು. ಬೇರೆಯವರ ಕೋವಿ ಎರವಲು ಪಡೆದಲ್ಲ, ಅಪ್ಪನದೇ. ಕಳೆದ ಸಲವೂ ಹೀಗೇ ಅಂದುಕೊಂಡಿದ್ದಳು. ಅದರ ಹಿಂದಿನ ಸಲವೂ.

ಮೇಷ್ಟ್ರು ಮೊಬೈಲಿನ ಚಿತ್ರಗಳನ್ನು ನೋಡಿದರು. ಒಂದು ಅಕ್ರೋಟಿನ ಮರದ್ದು. ಒಂದು ಕಪ್ಪು ಪ್ಲಾಸ್ಟಿಕ್ಕಿನದು. ಮತ್ತೊಂದು ಉದ್ದುದ್ದ ಕಿಂಡಿಗಳಿರುವ ಅಲ್ಯೂಮಿನಿಯಂನದು.

"ನಿನ್ನ ಕೋವಿಯ ಮಾದರಿಗೇ ಮಾಡಿದ್ದಾಗಿರಬೇಕು. ಕೂತ ಮೇಲೆ ಅಲ್ಲಾಡಬಾರದು. ಗುಂಡು ಸಿಡಿದಾಗ ಒಳಗೆ ಏಳುವ ಗ್ಯಾಸ್ ಹೊರಗೆ ಹೋಗುವ ದಾರಿ ಮುಚ್ಚಬಾರದು. ಮೂತಿ ಭಾರವಾಗಿ ಕೆಳಗೆ ಜಗ್ಗಬಾರದು. ಇದಿಷ್ಟನ್ನು ಅಂಗಡಿಯವನೂ ಹೇಳುತ್ತಾನೆ. ಹಿಡಿದು ನೋಡಿದೆಯಾ?"

"ಅಂಗಡಿಯವನಿಂದ ತಂದು, ಕೋವಿಗೆ ಹಾಕಿ ಮೂರನ್ನೂ ನೋಡಿದೆ. ಅಲ್ಯೂಮಿನಿಯಂನದು ಸಣ್ಣದು. ಬೆರಳು ಪೂರ್ತಿ ಸುತ್ತಿಕೊಳ್ಳುತ್ತದೆ. ಗುಂಡು ಹೊಡೆದಾಗಲೂ ಕೈ ಕದಲಲಿಲ್ಲ."

"ಮುಗಿಯಿತಲ್ಲ ಮತ್ತೆ."

"ಎಲ್ಲಿ ಮುಗಿಯಿತು ಮೇಷ್ಟ್ರೇ? ಅದನ್ನು ನೋಡಿ ಅಣ್ಣ, ಸಿನಿಮಾಕ್ಕೆ ಹೊರಟಿದ್ದೀಯಾ ಅಂದ. ಪ್ಲಾಸ್ಟಿಕ್ಕಿನದು ಹಾಕಿದರೆ ಕೋವಿ ಹೋಳಿಯ ಪಿಚಕಾರಿ ಥರ ಕಾಣುತ್ತದೆ ಅಂತ ಅತ್ತಿಗೆ. ಮರದ್ದು ಹಾಕಿದರೆ ನಿನ್ನ ಕೈ ಅದರ ಮೇಲೆ ಕೋಣನ ಬೆನ್ನಿನ ಮೇಲೆ ಕೂತ ಗುಬ್ಬಿ ಅಂತ ಇನ್ನೊಬ್ಬ ಅಣ್ಣ. ದೊಡ್ಡಪ್ಪನದಂತೂ ಒಂದೇ ಮಾತು. ನಿನ್ನ ಅಪ್ಪ ಮುಟ್ಟಿದ ಕೋವಿ, ಅದರ ಒಂದು ಮೊಳೆಯನ್ನೂ ಬದಲಾಯಿಸಬೇಡ ಅಂತಾರೆ."

"ಸೀಳಿದ ಮರದಲ್ಲಿ ಹೊಡೆಯುವುದು ಹೇಗಂತೆ?"

"ಹೊಡೆಯೋದು ಯಾಕೆ ಅಂತಾರೆ."

ಮೇಷ್ಟ್ರು ಗಟ್ಟಿಯಾಗಿ ನಕ್ಕರು. ಬೊಳ್ಳಮ್ಮನಿಗೆ ನಗು ಬರಲಿಲ್ಲ. ದೊಡ್ಡಪ್ಪ ಅದನ್ನು ಬೈದು ಹೇಳಿದ್ದರೆ ಅವಳು ಜಗಳ ಆಡುತ್ತಿದ್ದಳು. ಅವರು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದ್ದರು. ಕಣ್ಣೀರಿನ ಎದುರು ಯಾವ ಕೋವಿ ಹಿಡಿಯುವುದು?

ಮೇಷ್ಟ್ರು ಮೊಬೈಲನ್ನು ಅವಳ ಕೈಗೆ ಕೊಟ್ಟು, ಕಾಲು ಮಡಚಿ ಕೂತರು. ಅವರು ಹಾಗೆ ಕೂತರೆಂದರೆ ಕತೆ ಬರುತ್ತದೆ ಎಂದು ಶಿಷ್ಯರಿಗೆಲ್ಲ ಗೊತ್ತು.

"ಒಬ್ಬ ರೈತನಿದ್ದ," ಎಂದರು. "ಸತ್ತ. ಅವನ ಹೆಂಡತಿ ಉಳಿದಳು, ಗದ್ದೆ ಉಳಿಯಿತು, ಕೋವಿ ಉಳಿಯಿತು."

ಎರಡು ನಳಿಗೆಯ ಕೋವಿ ಅದು. ಗಂಡನ ಅಜ್ಜನ ಕಾಲದ್ದು. ಅಜ್ಜ ಭಾರಿ ಆಳು, ಅವನ ಅಂಗೈ ಮೊರದಷ್ಟಗಲ. ಅವನು ಬದುಕಿದ್ದಷ್ಟು ಕಾಲ ಆ ಕೋವಿಯನ್ನು ಒಂದೇ ಕಡೆ ಹಿಡಿದಿದ್ದ. ಹಿಡಿದು ಹಿಡಿದು ನಳಿಗೆಯ ಕೆಳಗಿನ ಮರದಲ್ಲಿ ಅವನ ಹೆಬ್ಬೆರಳಿಗೆ ಒಂದು ಗುಳಿ, ನಾಲ್ಕು ಬೆರಳಿಗೆ ನಾಲ್ಕು ಗುಳಿ ಬಿದ್ದಿದ್ದವು. ಆ ಗುಳಿಗಳನ್ನು ಒಕ್ಕದವರು, ಅಂದರೆ ಆ ಮನೆತನದವರು, ಬಂದವರಿಗೆಲ್ಲ ತೋರಿಸುತ್ತಿದ್ದರು. ಇದು ಅಜ್ಜನ ಕೈ ಎನ್ನುತ್ತಿದ್ದರು. ಪೂಜೆಯ ದಿನ ಅಲ್ಲಿಗೇ ಮೊದಲು ಗಂಧ ಹಚ್ಚುತ್ತಿದ್ದರು.

ಹೆಂಗಸಿನ ಕೈ ಸಣ್ಣದು. ಅಜ್ಜನ ಗುಳಿಯಲ್ಲಿ ಇಟ್ಟರೆ ಜಾರುತ್ತದೆ. ಜಾರಿದರೆ ಬೆರಳು ನಳಿಗೆಗೆ ತಾಗುತ್ತದೆ. ಫಸಲು ಬಂದಾಗ ಹಂದಿಗಳು ಗದ್ದೆಗೆ ಇಳಿಯುತ್ತಿದ್ದವು. ಅವುಗಳನ್ನು ಬೆದರಿಸಲು ಅವಳು ಅಟ್ಟಣೆಯ ಮೇಲೆ ಕೂತು ಆಕಾಶಕ್ಕೆ ಗುಂಡು ಹಾರಿಸಬೇಕು. ಒಂದು ಗುಂಡಿಗೆ ಹಂದಿ ತಲೆಯೆತ್ತಿ ನೋಡುತ್ತದೆ, ಅಷ್ಟೆ. ಮೇಲಿಂದ ಮೇಲೆ ಹಾರಿಸಿದರೆ ಮಾತ್ರ ಓಡುತ್ತದೆ. ಮೇಲಿಂದ ಮೇಲೆ ಹಾರಿಸಿದರೆ ಅವಳ ಬೆರಳು ಬೊಬ್ಬೆ ಏಳುತ್ತದೆ. ಬಟ್ಟೆ ಸುತ್ತಿದಳು. ಬಟ್ಟೆಯೂ ಜಾರಿತು.

ಅವಳು ಒಕ್ಕದ ಹಿರಿಯನ ಬಳಿಗೆ ಹೋದಳು. ಅವಳಿಗೆ ಅವನು ಮಾವನ ವರಸೆ.

"ಮಾವ, ಕೋವಿಯ ಮರ ನನ್ನ ಕೈಗೆ ದೊಡ್ಡದು. ಬೇರೆ ಮರ ಹಾಕಿಸಲೇ?"

"ಅಜ್ಜನ ಕೈ ಇರುವ ಮರವನ್ನು ತೆಗೆಯುವುದೇ? ಕೈ ಕೋವಿಗೆ ಒಗ್ಗಬೇಕು, ಕೋವಿ ಕೈಗೆ ಒಗ್ಗುವುದಲ್ಲ. ನಿನ್ನಿಂದ ಆಗದಿದ್ದರೆ ನನ್ನ ಮಗನಿಗೆ ಕೊಡು. ಕೋವಿಗೆ ತಕ್ಕ ಕೈ ಅವನದು."

ಅವಳು ಮನೆಗೆ ಬಂದಳು. ಕೋವಿ ಹೋದರೆ ಪೈರು ಹಂದಿಯ ಪಾಲು. ಪೈರು ಹೋದರೆ ಗದ್ದೆ ಮಾವನ ಮಗನ ಪಾಲು, ಇವಳು ತವರಿನ ದಾರಿ ಹಿಡಿಯಬೇಕು. ಮಾವ ಕೋವಿ ಕೇಳಿದ್ದು ಕೋವಿಗಾಗಿ ಅಲ್ಲ ಎಂದು ಅವಳಿಗೆ ಅರ್ಥವಾಯಿತು. ಕೂತು ಅಳಲಿಲ್ಲ. ಅಟ್ಟದಿಂದ ಅರ ತೆಗೆದಳು. ಮರ ಉಜ್ಜುವ ಒರಟು ಅರ. ಕೋವಿಯನ್ನು ತೊಡೆಯ ಮೇಲಿಟ್ಟುಕೊಂಡು ಅಜ್ಜನ ಕೈಯನ್ನು ಉಜ್ಜಿ ಹಾಕಿದಳು. ಗುಳಿಗಳ ಅಂಚು ಹೋಯಿತು, ಬೆನ್ನು ಹೋಯಿತು. ಮಧ್ಯೆ ಮಧ್ಯೆ ಹಿಡಿದು ನೋಡಿದಳು, ಮತ್ತೆ ಉಜ್ಜಿದಳು. ಒಡೆದ ಗಾಜಿನ ಚೂರಿನಿಂದ ಕೆರೆದು ನುಣುಪು ಮಾಡಿ ಎಳ್ಳೆಣ್ಣೆ ತಿಕ್ಕಿದಳು. ಮರ ಈಗ ಅವಳ ಮುಷ್ಟಿಯಷ್ಟೇ ಇತ್ತು.

"ಅಯ್ಯೋ!" ಎಂದಳು ಬೊಳ್ಳಮ್ಮ. ಅವಳಿಗೆ ಗೊತ್ತಿಲ್ಲದೆಯೇ ಬಾಯಿಂದ ಬಂದಿತ್ತು.

"ಹಾಗೇ ಅಂದರು ಅವರೂ," ಎಂದರು ಮೇಷ್ಟ್ರು.

ಕೈಲ್ ಮುಹೂರ್ತದ ದಿನ ಒಕ್ಕದ ಕೋವಿಗಳನ್ನೆಲ್ಲ ದೀಪದ ಮುಂದೆ ಸಾಲಾಗಿ ಇಟ್ಟರು. ಅವಳೂ ತನ್ನದನ್ನು ಇಟ್ಟಳು. ಮುಚ್ಚಿಡಲಿಲ್ಲ. ಹಿರಿಯ ಗಂಧ ಹಚ್ಚಲು ಬಗ್ಗಿದ. ಅಜ್ಜನ ಗುಳಿ ಹುಡುಕಿದ. ಬೆರಳು ಹಿಂದೆ ಮುಂದೆ ಆಡಿತು. ಗುಳಿ ಇರಲಿಲ್ಲ.

"ಯಾರು ಮಾಡಿದ್ದು ಇದು?"

"ನಾನು."

"ಅಜ್ಜನ ಕೈಯನ್ನು ಕಡಿದೆಯಲ್ಲೇ!"

"ಅಜ್ಜನೂ ಇದನ್ನೇ ಮಾಡಿದ್ದು ಮಾವ. ಬಡಗಿ ಕೊಟ್ಟಾಗ ಈ ಮರದಲ್ಲಿ ಗುಳಿ ಇತ್ತೇ? ತನ್ನ ಕೈಗೆ ತಕ್ಕ ಹಾಗೆ ಸವೆಸಿಕೊಂಡ. ಅವನಿಗೆ ಒಂದು ಆಯುಷ್ಯ ಹಿಡಿಯಿತು. ನನ್ನ ಗದ್ದೆಯ ಹಂದಿ ಅಷ್ಟು ದಿನ ಕಾಯುವುದಿಲ್ಲ. ಅದಕ್ಕೇ ಅರ ಹಾಕಿದೆ."

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಿರಿಯನಿಗೆ ಸಿಟ್ಟು ನೆತ್ತಿಗೇರಿತು.

"ಅಷ್ಟು ಸೊಕ್ಕಿದ್ದರೆ ಇವತ್ತು ಇದೇ ಕೋವಿಯಲ್ಲಿ ಕಾಯಿ ಹೊಡಿ. ಬಿದ್ದರೆ ಕೋವಿ ನಿನ್ನದು. ಬೀಳದಿದ್ದರೆ ಅಲ್ಲೇ, ಎಲ್ಲರ ಎದುರು, ನನ್ನ ಕೈಗೆ ಕೊಡಬೇಕು."

"ಆಗಲಿ," ಎಂದಳು.

ಮೈದಾನದಲ್ಲಿ ಜನ ಸೇರಿತು. ಅವಳಿಗೆ ಒಂದು ಹಿಡಿ ತೋಟಾ ಕೊಟ್ಟರು. ಅವಳು ಅಟ್ಟಣೆಯ ಮೇಲೆ ಆಕಾಶಕ್ಕೆ ಹೊಡೆದವಳು. ಆಕಾಶಕ್ಕೆ ಗುರಿ ಬೇಕಿಲ್ಲ. ಮೊದಲ ಗುಂಡು ಎಲ್ಲಿಗೆ ಹೋಯಿತೋ ದೇವರಿಗೇ ಗೊತ್ತು. ಎರಡನೆಯದಕ್ಕೆ ಒಂದಿಷ್ಟು ಎಲೆ ಉದುರಿತು. "ಸೊಪ್ಪು ಸಾಕು ಅಕ್ಕ, ಸಾರಿಗೆ ಆಯ್ತು!" ಎಂದು ಒಬ್ಬ ಕೂಗಿದ. ಅವಳು ತುಂಬಿದಳು, ಹೊಡೆದಳು. ಮತ್ತೆ ತುಂಬಿದಳು, ಮತ್ತೆ ಹೊಡೆದಳು. ನಳಿಗೆ ಕೆಂಡದ ಹಾಗೆ ಕಾದರೂ ಅವಳ ಕೈ ಮಾತ್ರ ಜಾರಲಿಲ್ಲ, ಸುಡಲಿಲ್ಲ. ತೋಟಾ ಮುಗಿಯಿತು. ಕಾಯಿ ಕಟ್ಟಿದಲ್ಲೇ ಇತ್ತು.

ಹಿರಿಯ ಬಂದು ಕೈ ಚಾಚಿದ. ಅವಳು ಕೊಟ್ಟ ಮಾತು ತಪ್ಪಲಿಲ್ಲ. ಕೋವಿಯನ್ನು ತೆರೆದು ಖಾಲಿ ಎಂದು ತೋರಿಸಿ ಅವನ ಕೈಗೆ ಇಟ್ಟಳು.

ಗೆದ್ದವನು ಸುಮ್ಮನೆ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಕೋವಿ ಹಿಡಿಯುವುದು ಹೇಗೆಂದು ಜನಕ್ಕೆ ತೋರಿಸಬೇಕೆನಿಸಿತು. ಕೋವಿಯನ್ನು ಭುಜಕ್ಕೆ ಏರಿಸಿದ. ಅಷ್ಟು ದೊಡ್ಡ ಕೈಗೆ ಅಷ್ಟು ಸಣ್ಣ ಮರ ಸಿಗಲಿಲ್ಲ. ಬೆರಳುಗಳು ಮರವನ್ನು ದಾಟಿ ಕಾದ ನಳಿಗೆಯನ್ನು ತಬ್ಬಿದವು. "ಹಾ!" ಎಂದು ಕೈ ಕೊಡವಿದ. ಮಗನಿಗೆ ಕೊಟ್ಟ. ಮಗ ಹಿಡಿದ, ಅವನೂ ಕೊಡವಿದ. ಅವನ ತಮ್ಮ ಹಿಡಿದ. ಒಕ್ಕದ ಗಂಡಸರೆಲ್ಲ ಒಬ್ಬೊಬ್ಬರಾಗಿ ಹಿಡಿದರು, ಒಬ್ಬೊಬ್ಬರಾಗಿ ಬೆರಳು ಬಾಯಿಗೆ ಇಟ್ಟುಕೊಂಡರು. ಈಗ ಜನ ನಕ್ಕದ್ದು ಯಾರನ್ನು ನೋಡಿ ಎಂದು ಹೇಳಬೇಕಿಲ್ಲ.

"ಇದನ್ನು ಹಿಡಿಯುವುದಾದರೂ ಹೇಗೆ?" ಎಂದು ಹಿರಿಯ ಅಬ್ಬರಿಸಿದ.

"ಕೈ ಕೋವಿಗೆ ಒಗ್ಗಬೇಕು ಮಾವ," ಎಂದಳು ಅವಳು.

"ಬೇರೆ ಮರ ಹಾಕಿಸಿದರಾಯಿತು!" ಎಂದ ಮಗ.

"ಹಾಕಿಸಿ. ಕೋವಿಯ ಮರ ಬದಲಾಯಿಸಬಹುದು ಅಂತ ಮಾವ ಎಲ್ಲರ ಎದುರು ಒಂದು ಮಾತು ಹೇಳಲಿ."

ಹಿರಿಯ ಬಾಯಿ ತೆರೆದ. ಬಹುದು ಎಂದರೆ ಅವಳು ಮಾಡಿದ್ದು ತಪ್ಪಲ್ಲ. ಬಾರದು ಎಂದರೆ ಕೋವಿ ಅವಳ ಕೈಗಲ್ಲದೆ ಬೇರೆ ಯಾರ ಕೈಗೂ ಬಾರದು. ಅವನು ಬಾಯಿ ಮುಚ್ಚಿದ. ಕೋವಿಯನ್ನು ಹುಲ್ಲಿನ ಮೇಲೆ ಇಟ್ಟು ನಡೆದ. ಅವಳು ಬಗ್ಗಿ ಎತ್ತಿಕೊಂಡಳು. ಹೆಗಲಿಗೆ ಹಾಕಿದಳು. ಗದ್ದೆಯ ಕಡೆ ಹೊರಟಳು.

ಮೇಷ್ಟ್ರು ಕತೆ ನಿಲ್ಲಿಸಿದರು. ಬೊಳ್ಳಮ್ಮನ ಮುಖ ಅರಳಿತ್ತು. ಬಿಸಿ ತಾಗಿದವರಂತೆ ದೊಡ್ಡಪ್ಪ ಬೆರಳು ಚೀಪುವುದನ್ನು ಮನಸ್ಸಿನಲ್ಲೇ ನೋಡಿ ಅವಳಿಗೆ ಖುಷಿಯಾಗಿತ್ತು, ಖುಷಿಯಾದದ್ದಕ್ಕೆ ನಾಚಿಕೆಯೂ ಆಗಿತ್ತು.

"ಆದರೆ ಮೇಷ್ಟ್ರೇ, ಕಾಯಿ ಬೀಳಲೇ ಇಲ್ಲವಲ್ಲ?"

"ಬೀಳಲಿಲ್ಲ. ಆಮೇಲಿನ ಹಬ್ಬದಲ್ಲಿ ಬಿತ್ತೋ ಏನೋ, ನನಗೆ ತಿಳಿಯದು. ಆ ವರ್ಷ ಹಂದಿ ಮಾತ್ರ ಆ ಗದ್ದೆಯ ಬದು ದಾಟಲಿಲ್ಲ."

ಬೊಳ್ಳಮ್ಮ ಎದ್ದಳು. ಮೊಬೈಲ್ ತೆಗೆದು ಅಲ್ಯೂಮಿನಿಯಂನ ಚಿತ್ರವನ್ನು ಮತ್ತೆ ನೋಡಿದಳು. ಧೈರ್ಯ ಬಂದಿತ್ತು.

"ಇದನ್ನೇ ಹಾಕಿಸುತ್ತೇನೆ ಮೇಷ್ಟ್ರೇ. ನಾಳೆ ಹೆಸರನ್ನೂ ಕೊಡುತ್ತೇನೆ. ಈಗಲೇ ಹೋಗಿ, ದೊಡ್ಡಪ್ಪನನ್ನು ಒಂದು ಮಾತು ಕೇಳಿ…"

ಮೇಷ್ಟ್ರು ಆಗ ಒಂದೇ ಮಾತು ಹೇಳಿದರು.

"ಕೈ ಕಾಯುವುದು ಅಂಗಡಿಯಲ್ಲಿ ಸಿಗುತ್ತದೆ ಮಗಳೇ, ನೀನು ಕಾಯುತ್ತಿರುವ ಎಲ್ಲರ ಒಪ್ಪಿಗೆ ಎಲ್ಲಿಯೂ ಸಿಗುವುದಿಲ್ಲ."