ಮಾಷ್ಟ್ರ ಕೋವಿಗೆ ಹಾಕಿದ ಅಂಟು

ಕಾವೇರಿಯ ದಡದಲ್ಲಿ ಮಾಚಯ್ಯ ಮಾಷ್ಟ್ರ ತಗಡಿನ ಶೆಡ್ಡು ಇದ್ದ ಕಾಲದ ಮಾತು.

ಮಾಷ್ಟ್ರು ಸೈನ್ಯದಲ್ಲಿ ಕೋವಿ ರಿಪೇರಿ ಮಾಡಿ ನಿವೃತ್ತರಾದವರು. ಚೋಂದಮ್ಮ ಅವರ ಶಿಷ್ಯೆ. ಗುರಿ ಇಡುವುದನ್ನೂ, ಕೋವಿ ಬಿಚ್ಚಿ ಒರೆಸಿ ಜೋಡಿಸುವುದನ್ನೂ ಅವರಿಂದಲೇ ಕಲಿತವಳು. ಈಗ ಅವಳ ತಲೆಯೂ ನರೆತಿದೆ. ಆದರೂ ಎಲ್ಲಾದರೂ ಕೋವಿಯ ಎಣ್ಣೆಯ ವಾಸನೆ ಬಂದರೆ ಸಾಕು, ಆ ಶೆಡ್ಡು, ಹೊಳೆಯ ಸದ್ದು, ಮಾಷ್ಟ್ರ ಕೆಮ್ಮು, ಎಲ್ಲ ಒಟ್ಟಿಗೆ ಬಂದು ಎದುರು ನಿಲ್ಲುತ್ತವೆ.

ಹಬ್ಬದ ದಿನ ಊರ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ. ಒಂದು ಕಾಲದಲ್ಲಿ ಮಾಷ್ಟ್ರು ಇಳಿದರೆಂದರೆ ಉಳಿದವರು ಎರಡನೆಯ ಬಹುಮಾನಕ್ಕೆ ಹೊಡೆಯುತ್ತಿದ್ದರು. ಆಮೇಲೆ ಕಣ್ಣು ಮಂಜಾಯಿತು. ಅವರು ಮೈದಾನಕ್ಕೆ ಹೋಗುವುದನ್ನೇ ಬಿಟ್ಟರು.

ಆ ವರ್ಷ ವಯಸ್ಸಾದವರು ಕೋವಿಗೆ, ದೂರದ್ದನ್ನು ಹತ್ತಿರ ತೋರಿಸುವ ಸ್ಕೋಪು ಹಾಕಿಕೊಳ್ಳಬಹುದು ಎಂದು ಊರವರು ಒಪ್ಪಿದರು. ಚೋಂದಮ್ಮ ಸೋದರಮಾವನ ಪೆಟ್ಟಿಗೆಯಲ್ಲಿದ್ದ ಹಳೆಯ ಸ್ಕೋಪು ತಂದಳು. ಮಾಷ್ಟ್ರು ಮನೆಯಲ್ಲಿಲ್ಲದ ಹೊತ್ತು ನೋಡಿ ಅವರ ಕೋವಿಯ ಮೇಲೆ ಅದನ್ನು ಕೂರಿಸಿದಳು.

ಹಬ್ಬದ ಬೆಳಿಗ್ಗೆ ಕೋವಿಯನ್ನು ಅವರ ಕೈಗೆ ಕೊಟ್ಟಳು.

"ಗುಂಡು ಹಾರಿದ ಒದೆತಕ್ಕೆ ಸ್ಕ್ರೂ ಸಡಿಲ ಆಗುತ್ತೆ, ಗೊತ್ತಲ್ಲ?" ಎಂದರು ಮಾಷ್ಟ್ರು.

"ಅಂಟು ಹಾಕಿದ್ದೀನಿ ಮಾಷ್ಟ್ರೇ. ಎಲ್ಲ ಸ್ಕ್ರೂಗೂ ಕೆಂಪು ಅಂಟು. ಈ ಜನ್ಮದಲ್ಲಿ ಅಲುಗಲ್ಲ."

ಮಾಷ್ಟ್ರು ಕೋವಿಯನ್ನು ಭುಜಕ್ಕೆ ಕೊಟ್ಟು ಹೊಳೆಯ ಕಡೆ ನೋಡಿದರು.

"ಕೂಸೇ, ಹೊಳೆ ಯಾಕೆ ಒಂದು ಕಡೆಗೆ ವಾಲಿದೆ?"

ಅವಳು ನಕ್ಕಳು. ಆಮೇಲೆ ತಾನೂ ನೋಡಿದಳು. ವಾಲಿದ್ದು ಹೊಳೆಯಲ್ಲ, ಸ್ಕೋಪಿನೊಳಗಿನ ಅಡ್ಡಗೆರೆ.

ಸ್ಕ್ರೂಡ್ರೈವರ್ ತಂದು ತಿರುಗಿಸಿದಳು. ಸ್ಕ್ರೂ ಜಗ್ಗಲಿಲ್ಲ. ಹಲ್ಲು ಕಚ್ಚಿ ಒತ್ತಿದಳು. ಸ್ಕ್ರೂವಿನ ತಲೆ ಸವೆಯತೊಡಗಿತು.

ಮಾಷ್ಟ್ರು ಸ್ಕ್ರೂಡ್ರೈವರನ್ನು ಅವಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. ಸ್ಕೋಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿದರು. ಬೆಸುಗೆ ಹಾಕುವ ಕಡ್ಡಿಯನ್ನು ಕಾಯಿಸಿ ಸ್ಕ್ರೂವಿನ ತಲೆಗೆ ಇಟ್ಟರು.

"ಎಷ್ಟು ಹೊತ್ತು ಮಾಷ್ಟ್ರೇ?"

"ಅದು ಬಿಡೋ ತನಕ."

ಮೈದಾನದ ಕಡೆಯಿಂದ ಗುಂಡಿನ ಸದ್ದು ಕೇಳಿತು. ಹಿಂದೆಯೇ ಜನರ ಕೂಗು.

"ಪಂದ್ಯ ಶುರುವಾಯ್ತು. ಇನ್ನೊಂದು ಸಲ ಬಲ ಹಾಕಿ ನೋಡಲಾ?"

"ಬೇಡ. ಬಿಸಿ ಒಳಗೆ ಇಳಿದು ಅಂಟು ಮೆತ್ತಗಾಗಲಿ."

ಒಂದು ಸ್ಕ್ರೂ ಬಂತು. ಸುಮಾರು ಹೊತ್ತಿನ ಮೇಲೆ ಇನ್ನೊಂದು. ಕೊನೆಯದು ಕೈಗೆ ಬರುವಾಗ ಗುಂಡಿನ ಸದ್ದು ನಿಂತು ಎಷ್ಟೋ ಹೊತ್ತಾಗಿತ್ತು. ವಾಲಗದವರು ಮನೆಯ ಹಾದಿ ಹಿಡಿದಿದ್ದರು.

ಚೋಂದಮ್ಮನಿಗೆ ಅಳು ತಡೆಯಲಾಗಲಿಲ್ಲ.

"ನನ್ನಿಂದ ನಿಮ್ಮ ಪಂದ್ಯ ತಪ್ಪಿತು."

"ಹದವಾಗಿ ಹಿಡಿಯೋ ನೀಲಿ ಅಂಟು ಕಪಾಟಲ್ಲೇ ಇತ್ತಲ್ಲ. ಕೆಂಪು ಯಾಕೆ ಹಾಕಿದೆ?"

"ನೀವು ಹೊಡೆಯೋದನ್ನ ಇನ್ನೊಂದೇ ಒಂದು ಸಲ ನೋಡಬೇಕಿತ್ತು. ಅಷ್ಟರಲ್ಲಿ ಅದು ಅಲುಗಿಬಿಟ್ಟರೆ ಅಂತ ಭಯ."

"ಭಯದಲ್ಲಿ ಹಾಕಿದ ಅಂಟು ಯಾವಾಗಲೂ ಜಾಸ್ತಿಯೇ," ಎಂದರು ಮಾಷ್ಟ್ರು. "ಮುಖ ತೊಳ್ಕೊಂಡು ಬಾ."

ಬಂದವಳಿಂದ ಹಳೆಯ ಅಂಟನ್ನೆಲ್ಲ ಕೆರೆಸಿ ತೆಗೆಸಿದರು. ತಲೆ ಸವೆದಿದ್ದ ಸ್ಕ್ರೂವಿನ ಬದಲು ಬೇರೆ ಹುಡುಕಿಸಿದರು. ಎಣ್ಣೆಯ ಪಸೆ ಉಳಿಯದಂತೆ ಒರೆಸಿಸಿದರು. ಬಾಗಿಲಿಗೆ ಒಂದು ದಾರ ಕಟ್ಟಿ, ತುದಿಗೆ ಕಲ್ಲು ತೂಗುಬಿಟ್ಟು, ಸ್ಕೋಪಿನ ನಿಂತ ಗೆರೆಯನ್ನು ಅದಕ್ಕೆ ಹೊಂದಿಸಲು ಹೇಳಿದರು. ಅವಳು ನೋಡಿದಳು. ಅವರೂ ನೋಡಿದರು. ಮತ್ತೆ ಅವಳು ನೋಡಿದಳು.

"ಈಗ ಒಂದೊಂದೇ ಬಿಚ್ಚಿ ನೀಲಿ ಹಾಕು. ಸ್ಕ್ರೂಗೆ ಒಂದು ಹನಿ."

"ಒಂದು ಹನಿ ಸಾಕಾ?"

"ಸಾಕಾಗುತ್ತೆ. ನಾಳೆ ನಿನಗೆ ತಪ್ಪು ಕಂಡರೆ ಬಿಚ್ಚೋಕೂ ಬರುತ್ತೆ."

ಬೆರಳ ತುದಿಯ ಬಲದಲ್ಲಿ ಅವಳು ಎಲ್ಲವನ್ನೂ ಬಿಗಿ ಮಾಡಿದಳು. ಅಂಟು ಒಣಗಲೆಂದು ಕೋವಿಯನ್ನು ಹಾಗೆಯೇ ಮೇಜಿನ ಮೇಲೆ ಬಿಟ್ಟರು.

ಮರುದಿನ ಇಬ್ಬರೂ ಮೈದಾನಕ್ಕೆ ಹೋದರು. ಯಾರೂ ಇರಲಿಲ್ಲ. ಹುಲ್ಲಿನಲ್ಲಿ ಒಡೆದ ಕಾಯಿಯ ಚೂರುಗಳು ಬಿದ್ದಿದ್ದವು. ಚೋಂದಮ್ಮ ಮಣ್ಣಿನ ದಿಬ್ಬದ ಎದುರಿನ ಮರಕ್ಕೆ ಒಂದು ತೆಂಗಿನಕಾಯಿ ಕಟ್ಟಿ ಬಂದಳು.

ಮಾಷ್ಟ್ರು ಮಂಡಿಯೂರಿ ಕೂತು ಕೋವಿಯನ್ನು ಕೆನ್ನೆಗೆ ಒತ್ತಿಕೊಂಡರು. ಅವರ ಉಸಿರು ನಿಧಾನವಾದದ್ದು ಅವಳಿಗೆ ತಿಳಿಯಿತು. ಚಿಕ್ಕಂದಿನಲ್ಲಿ ಪಂದ್ಯದ ದಿನ ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೂ ಅವರ ಇದೇ ಭಂಗಿಯನ್ನು.

"ಕಾಯಿ ಕಾಣ್ತಿದೆಯಾ?"

"ಕಾಣ್ತಿದೆ. ಅದರ ನಾರೂ ಕಾಣ್ತಿದೆ."

"ಹೊಡೀರಿ ಮಾಷ್ಟ್ರೇ."

ಮಾಷ್ಟ್ರು ಹೊಡೆಯಲಿಲ್ಲ. ಕೋವಿಯಿಂದ ಗುಂಡನ್ನು ತೆಗೆದು ಅವಳ ಅಂಗೈಯಲ್ಲಿಟ್ಟರು. ಮತ್ತೆ ಸ್ಕೋಪಿಗೆ ಕಣ್ಣು ಹಚ್ಚಿ ಮರದ ಕೊಂಬೆಗಳ ಮೇಲೆ ಮೆಲ್ಲಗೆ ನೋಟ ಹಾಯಿಸಿದರು.

"ಕೆಂಪು ಚಿಗುರು ಬಂದಿದೆ," ಎಂದರು. "ಮೇಲಿನ ಕವಲಲ್ಲಿ ಗೂಡೂ ಇದೆ."

"ಯಾಕೆ ಮಾಷ್ಟ್ರೇ, ಹೊಡೆಯಲ್ವಾ?"

"ಇಷ್ಟು ವರ್ಷ ಹೊಡೆಯೋದಕ್ಕೆ ನೋಡಿದೆ ಕೂಸೇ. ಸ್ವಲ್ಪ ಹೊತ್ತು ಸುಮ್ಮನೆ ನೋಡ್ತೀನಿ."