ಅಜ್ಜಿಯ ಸೌಟು ನಿಂತೇ ನಿಂತಿತು

ಅದು ಎಲ್ಲ ಬೆಳಗುಗಳಂಥ ಒಂದು ಬೆಳಗು. ಕೋಳಿ ಕೂಗಿತ್ತು. ಒಲೆ ಉರಿಯುತ್ತಿತ್ತು. ಅಜ್ಜಿ ಕಾವಲಿ ಇಟ್ಟಿದ್ದಳು.

ಪುಟ್ಟ ಹೊನ್ನಿ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದಳು. ಟೀಚರಮ್ಮ ಹೇಳಿಕೊಟ್ಟ ಹಾಗೆ ವಾಕ್ಯದ ಚಿತ್ರ ಬರೆಯುತ್ತಿದ್ದಳು.

ಒಂದು ಉದ್ದ ಗೆರೆ. ಗೆರೆಯ ಮೇಲೆ ಮೂರು ಮನೆ.

ಯಾರು? ಅದು ಮೊದಲ ಮನೆ.
ಏನನ್ನು? ಅದು ನಡುಮನೆ.
ಏನು ಮಾಡಿದರು? ಅದು ಕೊನೆಮನೆ.

ರಂಗೋಲಿ ಪುಡಿ ಮುಗಿದಿತ್ತು. ಹೊನ್ನಿ ಡಬ್ಬಿಯ ತಳ ಕೆರೆದು ಅಕ್ಕಿಹಿಟ್ಟು ತಂದಳು. ಅದರಲ್ಲೇ ಬರೆದಳು.

ಮೊದಲ ಮನೆಯಲ್ಲಿ ಅಜ್ಜಿ. ನಡುಮನೆಯಲ್ಲಿ ದೋಸೆ. ಕೊನೆಮನೆಯಲ್ಲಿ 'ಹುಯ್ದಳು'.

ಅಜ್ಜಿ ದೋಸೆ ಹುಯ್ದಳು.

ಅಕ್ಕಿಹಿಟ್ಟಿನ ರಂಗೋಲಿ ಇರುವೆಗೆ ಊಟ. ಅದು ಊರಿಗೆಲ್ಲ ಗೊತ್ತು. ಇರುವೆಗೂ ಗೊತ್ತು. ಹೊನ್ನಿಗೆ ಮಾತ್ರ ಮರೆತುಹೋಗಿತ್ತು.

ಇರುವೆಗಳು ಸಾಲಾಗಿ ಬಂದವು. ಕೊನೆಮನೆಗೆ ನುಗ್ಗಿದವು. 'ಹುಯ್ದಳು' ಅನ್ನುವ ಪದವನ್ನು ಹೊತ್ತುಕೊಂಡು ಗೂಡಿನ ಕಡೆಗೆ ನಡೆದವು.

ಒಳಗೆ ಅಜ್ಜಿಯ ಸೌಟು ಗಾಳಿಯಲ್ಲೇ ನಿಂತಿತು!

"ಅಯ್ಯೋ ಹೊನ್ನೀ! ಕೈ ಇಳೀತಿಲ್ಲ ಕಣೇ! ನನ್ನ ಕೆಲಸ ಎಲ್ಲಿ ಹೋಯ್ತು?"

"ಇರಜ್ಜಿ, ತರ್ತೀನಿ!"

ಹೊನ್ನಿ ಇರುವೆಯ ಹತ್ತಿರ ಓಡಿದಳು.

"ಇರುವೆ, ಇರುವೆ, ಪದ!"

"ಪುಕ್ಕಟೆ ಕೊಡೋಕೆ ನಾವೇನು ನಿನ್ನ ಸೋದರತ್ತೆಯಾ? ಹೋಗು, ಬೆಲ್ಲ ತಾ."

ಇರುವೆ ಪದ ಕೊಡದು.
ಅಜ್ಜಿ ದೋಸೆ ಹುಯ್ಯಳು.

ಹೊನ್ನಿ ಅಂಗಡಿಯ ಕೊಟ್ರೇಶ ಮಾವನ ಹತ್ತಿರ ಓಡಿದಳು.

"ಮಾವ, ಮಾವ, ಬೆಲ್ಲ!"

"ಬಾಯಿಗೆ ಎಲೆ ಬೀಳದೆ ನನ್ನ ಕೈ ಓಡಲ್ಲ ಕಣವ್ವ. ಹೋಗು, ವೀಳ್ಯದೆಲೆ ತಾ."

ಮಾವ ಬೆಲ್ಲ ಕೊಡನು.
ಇರುವೆ ಪದ ಕೊಡದು.
ಅಜ್ಜಿ ದೋಸೆ ಹುಯ್ಯಳು.

ಹೊನ್ನಿ ವೀಳ್ಯದ ಬಳ್ಳಿಯ ಹತ್ತಿರ ಓಡಿದಳು.

"ಬಳ್ಳಿ, ಬಳ್ಳಿ, ಎಲೆ!"

"ನನ್ನ ಬೇರು ಒಣಗಿದೆ. ನಿನಗೆ ಎಲೆಯ ಚಿಂತೆ! ಹೋಗು, ನೀರು ತಾ."

ಬಳ್ಳಿ ಎಲೆ ಕೊಡದು.
ಮಾವ ಬೆಲ್ಲ ಕೊಡನು.
ಇರುವೆ ಪದ ಕೊಡದು.
ಅಜ್ಜಿ ದೋಸೆ ಹುಯ್ಯಳು.

ಹೊನ್ನಿ ಬಾವಿಯ ಹತ್ತಿರ ಓಡಿದಳು. ಬಗ್ಗಿ ಕೂಗಿದಳು.

"ಬಾವಿ, ಬಾವಿ, ನೀರು!"

"ನೀರು… ನೀರು… ನೀರು…" ಬಾವಿ ಅಣಕಿಸಿತು. ಹಗ್ಗ ಎಳೆದರೂ ರಾಟೆ ಅಲ್ಲಾಡಲಿಲ್ಲ.

ಬಾವಿ ನೀರು ಕೊಡದು.
ಬಳ್ಳಿ ಎಲೆ ಕೊಡದು.
ಮಾವ ಬೆಲ್ಲ ಕೊಡನು.
ಇರುವೆ ಪದ ಕೊಡದು.
ಅಜ್ಜಿ ದೋಸೆ ಹುಯ್ಯಳು.

ಅತ್ತ ಮನೆಯಿಂದ ಅಜ್ಜಿಯ ಕೂಗು. "ಹೊನ್ನೀ! ತೋಳು ಬಿದ್ದುಹೋಗುತ್ತೆ ಕಣೇ!"

ಹೊನ್ನಿಯ ಕಣ್ಣು ತುಂಬಿತು.

"ಅಳಬೇಡ," ಎಂದಿತು ಬಾವಿ. "ಎಲ್ಲರೂ ಹೀಗೇ. ಬಂದು ಬಗ್ಗಿ 'ನೀರು' ಅಂತ ಕಿರುಚುತ್ತಾರೆ. ನಡುಮನೆ ಒಂದನ್ನೇ ತಂದರೆ ನಾನೇನು ಮಾಡಲಿ? ಪೂರ್ತಿ ಹೇಳು."

ಹೊನ್ನಿ ಮೂಗು ಒರೆಸಿಕೊಂಡಳು. "ನೀರು ಸೇದಿದಳು."

"ಯಾರು? ನಿಮ್ಮ ಮನೆ ಎಮ್ಮೆಯಾ?"

ಹೊನ್ನಿಗೆ ನಗು ಬಂತು. "ಅಲ್ಲ, ನಾನು! ಹೊನ್ನಿ ನೀರು ಸೇದಿದಳು!"

"ಹೊನ್ನಿ ನೀರು ಸೇದಿದಳು… ಸೇದಿದಳು… ಸೇದಿದಳು…"

ಗಡಗಡ ಗಡಗಡ ರಾಟೆ ತಿರುಗಿತು. ತುಂಬಿದ ಬಿಂದಿಗೆ ಮೇಲೆ ಬಂತು.

ಹೊನ್ನಿ ಓಡಿದಳು, ಬಂದ ದಾರಿಯಲ್ಲೇ ಓಡಿದಳು.

ಬಾವಿ ನೀರು ಕೊಟ್ಟಿತು.
ಬಳ್ಳಿ ನೀರು ಕುಡಿಯಿತು.
ಬಳ್ಳಿ ಎಲೆ ಕೊಟ್ಟಿತು.
ಮಾವ ಎಲೆ ಮೆದ್ದನು.
ಮಾವ ಬೆಲ್ಲ ಕೊಟ್ಟನು.
ಇರುವೆ ಬೆಲ್ಲ ಮುತ್ತಿತು.
ಇರುವೆ ಪದ ಕೊಟ್ಟಿತು.

ಹೊನ್ನಿ ಹಿಟ್ಟನ್ನು ಚಿಟಿಕೆ ಚಿಟಿಕೆಯಾಗಿ ಎತ್ತಿದಳು. ಕೊನೆಮನೆಯಲ್ಲಿ ಮೆಲ್ಲಗೆ ಉದುರಿಸಿದಳು. ಹು. ಯ್ದ. ಳು.

ಒಳಗೆ ಸೌಟು ಇಳಿಯಿತು. ಚುಂಯ್!

ಅಜ್ಜಿ ದೋಸೆ ಹುಯ್ದಳು.

ಅಷ್ಟು ಹೊತ್ತು ಕಾದ ಕಾವಲಿಯಲ್ಲಿ ಮೊದಲ ದೋಸೆ ಸೀದುಹೋಯಿತು.