ಉಜ್ಜಿ ತೊಳೆದ ಕಲ್ಲು

ಗಾಜಿನ ಪುಟ್ಟ ತೊಟ್ಟಿಯೊಂದರಲ್ಲಿ ಕಡಲಿನ ಪಟ್ಟೆಮೀನೊಂದು ತನ್ನ ಜೊತೆಗಾತಿಯೊಂದಿಗೆ ಬಾಳುತ್ತಿತ್ತು. ಒಡೆಯ ಅವಕ್ಕಾಗಿ ಪಕ್ಕದಲ್ಲೇ ದೊಡ್ಡ ತೊಟ್ಟಿ ಕಟ್ಟಿ, ಹೊಸ ಉಪ್ಪುನೀರು ತುಂಬಿ, ಪಾಚಿ ಹಿಡಿದ ಹಳೆಯ ಕಲ್ಲನ್ನು ಮೊದಲು ಸಾಗಿಸಲು ಬಂದ.

ಪಟ್ಟೆಮೀನಿಗೆ ಸಹಿಸಲಾಗಲಿಲ್ಲ. "ಕಲ್ಲಜ್ಜಾ, ಈ ಅವತಾರದಲ್ಲಿ ಗೃಹಪ್ರವೇಶಕ್ಕೆ ಹೊರಟೆಯಾ? ಧಣಿ, ಈ ಮುದುಕನನ್ನು ಚೆನ್ನಾಗಿ ಉಜ್ಜಿ ಒಳಗೆ ಬಿಡಿ. ಅಲ್ಲಿಯ ನೀರಾದರೂ ಕನ್ನಡಿಯ ಹಾಗಿರಲಿ."

"ಬೇಡ ಮಗಾ," ಎಂದಿತು ಕಲ್ಲು. "ನಿಮ್ಮ ಹೊಲಸನ್ನು ಅರಗಿಸುವ, ಕಣ್ಣಿಗೆ ಕಾಣದ ಜೀವಗಳು ನನ್ನ ಮೈಮೇಲೆಯೇ ಇವೆ."

"ಸ್ನಾನ ತಪ್ಪಿಸಿಕೊಳ್ಳಲು ಎಂಥ ನೆಪ!" ಎಂದು ಮೀನು ನಕ್ಕಿತು. ಒಡೆಯನೂ ನಕ್ಕು, ಕಲ್ಲನ್ನು ನಲ್ಲಿಯ ಕೆಳಗೆ ಬೆಳ್ಳಗಾಗುವಂತೆ ಉಜ್ಜಿ, ಹೊಸ ತೊಟ್ಟಿಯಲ್ಲಿಟ್ಟು, ಮೀನುಗಳನ್ನೂ ಬಿಟ್ಟ.

ವಾರ ಕಳೆಯುವುದರೊಳಗೆ ಮೀನುಗಳ ಹೊಲಸೇ ನೀರಿಗೆ ನಂಜಾಯಿತು. ಜೊತೆಗಾತಿ ಉಸಿರಿಗಾಗಿ ಬಾಯಿ ಬಾಯಿ ಬಿಡತೊಡಗಿದಳು. ಪಟ್ಟೆಮೀನು ಕಲ್ಲಿನ ಬಳಿಗೆ ಧಾವಿಸಿತು. "ಅಜ್ಜಾ, ಏನಾದರೂ ಮಾಡು. ಅವಳೊಬ್ಬಳು ಉಳಿಯಲಿ."

"ಮಾಡುವವರು ನನ್ನ ಮೈಮೇಲಿದ್ದರು ಮಗಾ. ಈಗ ನಾನು ಬರಿಯ ಕಲ್ಲು."

ಮೀನು ತಿರುಗಿ ನೋಡಿತು. ನೀರು ಅದು ಬಯಸಿದ್ದಂತೆಯೇ ಕನ್ನಡಿಯ ಹಾಗಿತ್ತು. ತೊಟ್ಟಿಯ ಆ ತುದಿಯಲ್ಲಿ ಮರಳಿನ ಮೇಲೆ ಒರಗಿದ್ದ ಜೊತೆಗಾತಿ ಇಲ್ಲಿಂದಲೇ ಸ್ಪಷ್ಟವಾಗಿ ಕಾಣುತ್ತಿದ್ದಳು.